ಕೂಸುಗಳಿಗೆ ನೆಲ ಬಿಟ್ಟುಕೊಡಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ನಮಸ್ಕಾರ. ನೇರವಾಗಿ ವಿಷಯಕ್ಕೇ ಬರುತ್ತೇನೆ. ಮಗುವನ್ನು ಕೂರಿಸಿ ಓಡಾಡಿಸುವ ಚಕ್ರದ ವಾಕರ್ ರಾಜ್ಯದ ಯಾವ ಅಂಗನವಾಡಿಯಲ್ಲೂ, ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ' ಎಂಬ ಯಾವ ಶಿಶುಪಾಲನಾ ಕೇಂದ್ರದಲ್ಲೂ ಇರಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ದೇಶದಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿ ಎಂದು ಕೇಂದ್ರ ಸರ್ಕಾರಕ್ಕೆ ಪತ್ರ ಬರೆಯಿರಿ. ಮತ್ತೆ, ಇಲಾಖೆಯ ಕಣ್ಣಳತೆಯಲ್ಲಿ ಬೆಳೆಯುವ ಪ್ರತಿ ಕೂಸಿಗೂ ದಿನಾ ಒಂದಷ್ಟು ಹೊತ್ತು ಶುಭ್ರವಾದ, ಬಿಡುಬೀಸಾದ ನೆಲ ಸಿಗುವಂತೆ ಮಾಡಿ. ಕೇಳುವುದು ಇಷ್ಟೇ. ಯಾಕೆ ಅಂತ ಹೇಳುವುದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಜಾಗ ಬೇಕು. ದಯವಿಟ್ಟು ಪೂರ್ತಿ ಓದಿ.

ನಾನು ದಾವಣಗೆರೆಯಲ್ಲಿ ಚಿಕ್ಕ ಮಕ್ಕಳಿಗೆ ಫಿಸಿಯೋಥೆರಪಿ ಮಾಡುವವಳು. ಕತ್ತು ನಿಲ್ಲದ ಕೂಸುಗಳು, ಒಂದೇ ಕಡೆ ವಾಲುವ ಕೂಸುಗಳು, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು ನನ್ನ ಹತ್ತಿರ ಬರುತ್ತವೆ. ಜೊತೆಗೆ ಯಾವ ತೊಂದರೆಯೂ ಇಲ್ಲದ ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. "ಹತ್ತು ತಿಂಗಳಾಯ್ತು ಮೇಡಂ, ಇನ್ನೂ ನಿಲ್ತಿಲ್ಲ. ವಾಕರ್‌ನಲ್ಲಿ ಹಾಕಿದ್ರೆ ಮನೆ ತುಂಬ ಓಡಾಡ್ತಾಳೆ, ಇಳಿಸಿದ್ರೆ ಅಳ್ತಾಳೆ" ಅನ್ನುತ್ತಾಳೆ ತಾಯಿ. ಪಕ್ಕದಲ್ಲಿ ಕೂತ ಅತ್ತೆ, "ನನ್ನ ಮಗ ಒಂಬತ್ತು ತಿಂಗಳಿಗೇ ನಡೆದಿದ್ದ" ಅನ್ನುತ್ತಾರೆ. ತಾಯಿ ತಲೆ ತಗ್ಗಿಸುತ್ತಾಳೆ.

ಮಗು ಬೇಗ ನಡೆದರೆ ಜಾಣ, ತಡವಾದರೆ ತಾಯಿ ಸರಿಯಾಗಿ ನೋಡಿಕೊಂಡಿಲ್ಲ. ಹೀಗೆ ಅಂದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಓಣಿಯಲ್ಲಿ ಸಿಕ್ಕವರೆಲ್ಲ "ಇನ್ನೂ ನಡೀತಿಲ್ವಾ?" ಎಂದು ಕೇಳುತ್ತಾರೆ. ಕೇಳಿಸಿಕೊಂಡು ಸಾಕಾಗಿ ಮನೆಯವರು ವಾಕರ್ ತರುತ್ತಾರೆ. ಎಷ್ಟೋ ಸಲ ಅದು ಸೋದರಮಾವ ಪ್ರೀತಿಯಿಂದ ಕೊಟ್ಟ ಉಡುಗೊರೆ. ಆ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆ ಸಾಮಾನಿನ ಬಗ್ಗೆ ಇದೆ.

ಒಂದು ಮಗು ತಾನಾಗಿ ಎದ್ದು ಕೂರುವುದನ್ನು ನೀವು ಪುರಸೊತ್ತಾಗಿ ನೋಡಿದ್ದೀರಾ? ಎಂಟು ತಿಂಗಳ ಒಂದು ಹೆಣ್ಣುಕೂಸನ್ನು ನನ್ನ ಕೋಣೆಯಲ್ಲಿ ಕೌದಿ ಹಾಸಿ ಬೋರಲು ಬಿಟ್ಟಿದ್ದೆ. ಒಂದು ಮೊಳ ದೂರದಲ್ಲಿ ಸ್ಟೀಲ್ ಲೋಟ. ಕೂಸು ಮೊದಲು ಕೈ ಚಾಚಿತು, ಎಟುಕಲಿಲ್ಲ. ಹೊಟ್ಟೆಯ ಮೇಲೇ ಅರ್ಧ ಸುತ್ತು ತಿರುಗಿತು. ಒಂದು ಮಗ್ಗುಲಿಗೆ ಹೊರಳಿ ಮೊಣಕೈ ಊರಿತು. ಆಮೇಲೆ ಮೊಣಕೈ ಬಿಟ್ಟು ಅಂಗೈ ಊರಿತು. ಮೇಲಿನ ಕಾಲು ಮಡಚಿಕೊಂಡು ಮುಂದೆ ಬಂತು. ಮಂಡಿ ನೆಲಕ್ಕೆ ತಾಗಿತು, ಸೊಂಟ ಹಿಂದಕ್ಕೆ ಸರಿಯಿತು. ಅರ್ಧ ಎದ್ದದ್ದು ಮತ್ತೆ ಮಗುಚಿ ಬಿತ್ತು. ಅಳಲಿಲ್ಲ. ಮತ್ತೆ ಅದೇ ಮಗ್ಗುಲಿಗೆ ಹೊರಳಿತು. ತಾಯಿ ಲೋಟವನ್ನು ಹತ್ತಿರ ತಳ್ಳಲು ಹೋದರು, ಬೇಡ ಅಂದೆ. ಸ್ವಲ್ಪ ಹೊತ್ತಿಗೆ ಕೂಸು ಅಂಡೂರಿ ಕೂತು, ಲೋಟ ಎತ್ತಿಕೊಂಡು ನೆಲಕ್ಕೆ ಕುಟ್ಟತೊಡಗಿತು.

ಆ ಕೆಲವೇ ನಿಮಿಷದಲ್ಲಿ ಅದರ ಬೆನ್ನು, ಪಕ್ಕೆ, ಹೊಟ್ಟೆ, ಭುಜ, ಸೊಂಟ ಎಲ್ಲ ಕೆಲಸ ಮಾಡಿದವು. ಮೈಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವುದನ್ನು ಕೂಸು ಕಲಿಯಿತು. ಮುಂದೆ ನಡೆಯುವಾಗ ಬೇಕಾಗುವುದು ಇದೇ. ಹೀಗೆ ತಾನಾಗಿ ಕೂತ ಮಗುವಿಗೆ ಕೂರುವ ದಾರಿ ಗೊತ್ತಿರುತ್ತದೆ, ಹಾಗಾಗಿ ವಾಪಸ್ ನೆಲಕ್ಕಿಳಿಯುವ ದಾರಿಯೂ ಗೊತ್ತಿರುತ್ತದೆ. ದಿಂಬು ಒತ್ತರಿಸಿ ಕೂರಿಸಿದ ಐದು ತಿಂಗಳ ಮಗುವಿಗೆ ಎರಡೂ ಗೊತ್ತಿಲ್ಲ. ಬೆನ್ನು ಬಾಗಿರುತ್ತದೆ. ಬೀಳದೆ ಇರಲು ಎರಡೂ ಕೈ ಊರಿಕೊಂಡಿರುತ್ತದೆ. ಗಿಲಕಿ ಜಾರಿ ದೂರ ಹೋದರೆ ಸುಮ್ನೆ ನೋಡುತ್ತಾ ಕೂರಬೇಕು, ಇಲ್ಲ ಅಳಬೇಕು.

ವಾಕರ್ ಇದನ್ನೇ ಇನ್ನೂ ಕೆಟ್ಟದಾಗಿ ಮಾಡುತ್ತದೆ. ಅದರಲ್ಲಿ ಮಗು ನಿಂತಿರುವುದಿಲ್ಲ, ನೇತಾಡುತ್ತಿರುತ್ತದೆ. ಮೈಭಾರವೆಲ್ಲ ಕಾಲ ಸಂದಿಯ ಬಟ್ಟೆಯ ಮೇಲೆ. ಪಾದ ಪೂರ್ತಿ ಊರುವುದಿಲ್ಲ, ಬೆರಳ ತುದಿಯಿಂದ ನೆಲವನ್ನು ಒದ್ದು ಮುಂದೆ ಹೋಗುತ್ತದೆ. ಸೊಂಟಕ್ಕೂ ಬೆನ್ನಿಗೂ ಸಮತೋಲನದ ಕೆಲಸವೇ ಇಲ್ಲ. ಮುಂದಿನ ತಟ್ಟೆ ಅಡ್ಡ ಬಂದು ತನ್ನ ಪಾದವೇ ತನಗೆ ಕಾಣುವುದಿಲ್ಲ. ನೋಡುವವರಿಗೆ ಮಾತ್ರ ಮಗು ನಡೆಯುತ್ತಿದೆ ಅನಿಸುತ್ತದೆ. ಇಳಿಸಿದ ಕೂಡಲೇ ಅಳುವುದು ಯಾಕೆಂದರೆ, ಅಷ್ಟು ಹೊತ್ತು ಸುಲಭವಾಗಿ ಸಿಕ್ಕ ವೇಗ ತನ್ನ ಸ್ವಂತ ಮೈಯಲ್ಲಿ ಇನ್ನೂ ಇಲ್ಲ.

ಐರ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವಾಕರ್‌ನಲ್ಲಿ ಕಳೆದ ಸಮಯ ಒಟ್ಟು ಸೇರಿ 24 ಗಂಟೆಯಾದರೆ, ಮಗು ಒಂಟಿಯಾಗಿ ನಡೆಯುವುದು ಸುಮಾರು 3.3 ದಿನ ತಡವಾಗುತ್ತದೆ, ಒಂಟಿಯಾಗಿ ನಿಲ್ಲುವುದು 3.7 ದಿನ ತಡವಾಗುತ್ತದೆ ಎಂದು ಅದರಲ್ಲಿ ಕಂಡಿತ್ತು. ನಿಜ ಹೇಳಬೇಕೆಂದರೆ, ನನಗೆ ಈ ತಡ ಅಷ್ಟು ದೊಡ್ಡ ಚಿಂತೆಯಲ್ಲ. ಕೆಲವು ದಿನ, ಕೆಲವು ವಾರ ತಡವಾದ ಮಗು ಆಮೇಲೆ ಸರಿಹೋಗುತ್ತದೆ. ಆದರೆ ಬೇಗ ನಡೆಯಲಿ ಅಂತಲೇ ಅಲ್ವಾ ಜನ ದುಡ್ಡು ಕೊಟ್ಟು ಅದನ್ನು ತರುವುದು? ಆ ಕೆಲಸವನ್ನೇ ಅದು ಮಾಡುವುದಿಲ್ಲ ಎಂದು ಅವರಿಗೆ ಯಾರೂ ಹೇಳುತ್ತಿಲ್ಲ.

ನನ್ನ ದೊಡ್ಡ ಚಿಂತೆ ಪೆಟ್ಟಿನದು. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರ್‌ನಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ 15 ತಿಂಗಳೊಳಗಿನ ಮಕ್ಕಳ ಅಂದಾಜು ಲೆಕ್ಕ 2,30,676. ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳಿಗೆ ಪೆಟ್ಟಾದದ್ದು ತಲೆಗೆ ಅಥವಾ ಕುತ್ತಿಗೆಗೆ. ನಾಲ್ಕರಲ್ಲಿ ಸುಮಾರು ಮೂರು ಮಕ್ಕಳು ಬಿದ್ದದ್ದು ಮೆಟ್ಟಿಲಿನಿಂದ. ಅಮೆರಿಕದ ಮಕ್ಕಳ ವೈದ್ಯರ ಸಂಘ ಇದನ್ನು ನಿಷೇಧಿಸಿ ಎಂದು ಬಹಳ ಕಾಲದಿಂದ ಕೇಳುತ್ತಿದೆ. ಕೆನಡಾ ಕೇಳಿಸಿಕೊಂಡಿತು. 2004ರ ಏಪ್ರಿಲ್‌ನಲ್ಲಿ ವಾಕರ್ ಮಾರಾಟ, ಆಮದು, ಜಾಹೀರಾತು ಮೂರನ್ನೂ ನಿಲ್ಲಿಸಿತು. ಅಲ್ಲಿ ಮನೆಯಲ್ಲಿದ್ದ ಹಳೇ ವಾಕರನ್ನು ಮಾರುವುದಕ್ಕೂ ಬಿಡುವುದಿಲ್ಲ.

ನಮ್ಮ ಮನೆಗಳನ್ನು ನೆನೆಸಿಕೊಳ್ಳಿ. ಮೊದಲ ಮಹಡಿಯ ಬಾಡಿಗೆ ಮನೆ, ಬಾಗಿಲು ತೆಗೆದರೆ ಮೆಟ್ಟಿಲು. ಹಜಾರದಿಂದ ಅಡುಗೆಮನೆಗೆ ಒಂದು ಮೆಟ್ಟಿಲು ತಗ್ಗು, ಬಚ್ಚಲಿಗೆ ಇನ್ನೊಂದು. ಹೊರಗೆ ಜಗಲಿ. ಹಳ್ಳಿಯಲ್ಲಿ ನೆಲಮಟ್ಟದ ಒಲೆ, ಇಳಿಸಿಟ್ಟ ಸಾರಿನ ಪಾತ್ರೆ, ಕೂಸಿಗೇ ಅಂತ ಕಾಯಿಸಿದ ಬಿಸಿನೀರಿನ ಬಕೆಟ್. ವಾಕರ್‌ನಲ್ಲಿರುವ ಮಗು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಮೀಟರ್ ಸಾಗಬಲ್ಲದು. ನೆಲದಲ್ಲಿ ತೆವಳುವಾಗ ಎಟುಕದ ಎತ್ತರ ಅದಕ್ಕೆ ಎಟುಕುತ್ತದೆ. ಮೇಜಿನ ಬಟ್ಟೆ ಎಳೆಯುತ್ತದೆ, ಕಾಫಿ ಲೋಟ ಬೀಳಿಸಿಕೊಳ್ಳುತ್ತದೆ. "ನಾವು ಪಕ್ಕದಲ್ಲೇ ಇದ್ವಿ" ಎಂದು ಹೇಳುವ ತಂದೆತಾಯಿಯ ಮಾತು ಸುಳ್ಳಲ್ಲ. ಪಕ್ಕದಲ್ಲೇ ಇದ್ದರೂ ಕೈ ಚಾಚುವಷ್ಟರಲ್ಲಿ ಮಗು ಹೊಸ್ತಿಲ ಆಚೆ ಇರುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಬಹಳ ಮುಖ್ಯ ಅನಿಸುವುದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಅಡಾಲ್ಫ್ ಎಂಬ ಸಂಶೋಧಕಿ ಮಕ್ಕಳನ್ನು ಇಳಿಜಾರಿನ ಹಲಗೆಯ ಅಂಚಿಗೆ ಬಿಟ್ಟು ನೋಡಿದರು. ಹಿಡಿದುಕೊಳ್ಳಲು ಪಕ್ಕದಲ್ಲಿ ಆಳು ಇರುತ್ತಿದ್ದರು. ಅಂಬೆಗಾಲಿಟ್ಟು ಹಲವು ವಾರ ಅನುಭವವಾದ ಮಗು ಇಳಿಜಾರು ಕಡಿದಾಗಿದ್ದರೆ ನಿಂತು, ಮುಟ್ಟಿ ನೋಡಿ, ಹಿಂದೆ ಸರಿಯುತ್ತಿತ್ತು. ಅದೇ ಮಗು ನಡೆಯಲು ಶುರು ಮಾಡಿದ ಹೊಸದರಲ್ಲಿ ಅದೇ ಇಳಿಜಾರಿಗೆ ಸೀದಾ ಕಾಲಿಟ್ಟುಬಿಡುತ್ತಿತ್ತು. ಅಂದರೆ ಅಪಾಯದ ಅಂದಾಜು ವಯಸ್ಸಾದ ಹಾಗೆ ತಾನೇ ಬರುವುದಲ್ಲ. ಪ್ರತಿ ಭಂಗಿಯಲ್ಲೂ ಮಗು ತನ್ನ ಮೈಯಿಂದಲೇ ಅದನ್ನು ಹೊಸದಾಗಿ ಕಲಿಯಬೇಕು. ನಿಧಾನವಾಗಿ ಸಾಗುವಾಗ ಕಲಿಯಬೇಕು. ವಾಕರ್ ಆ ಅಂದಾಜು ಕಲಿಸದೆ ಬರೀ ವೇಗ ಕೊಡುತ್ತದೆ.

ಅವರದೇ ತಂಡ 2012ರಲ್ಲಿ ಪ್ರಕಟಿಸಿದ ಇನ್ನೊಂದು ಲೆಕ್ಕವನ್ನು ಪ್ರತಿ ಅಜ್ಜಿಗೂ ಹೇಳಬೇಕು ಅನಿಸುತ್ತದೆ. 12ರಿಂದ 19 ತಿಂಗಳ ಮಕ್ಕಳು ಆಟವಾಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ. ಒಂದು ಗಂಟೆಗೆ! ಬೀಳುವುದು ನಡಿಗೆಯ ಪಾಠದ ಒಳಗಿನದೇ. ತಾನಾಗಿ ನಿಂತ ಮಗು ಬಹುಪಾಲು ಸಲ ಅಂಡಿನ ಮೇಲೋ ಅಂಗೈ ಊರಿಯೋ ಬಿದ್ದು, ತಕ್ಷಣ ಎದ್ದು, ಮತ್ತೆ ಹೊರಡುತ್ತದೆ. ಎರಡೂ ಕೈ ಮೇಲಕ್ಕೆ ಹಿಡಿದು ನಡೆಸಿದ ಮಗುವಿಗೆ ಈ ಬೀಳುವ ವಿದ್ಯೆ ಬರುವುದಿಲ್ಲ.

ನಮ್ಮ ಹಳೆಯ ಮರದ ತಳ್ಳುಗಾಡಿಯ ಮಾತು ಬೇರೆ. ಅದರಲ್ಲಿ ಮಗು ಕೂರುವುದಿಲ್ಲ. ತಾನೇ ಎದ್ದು, ಹಿಡಿದು, ತಳ್ಳಿ, ಸಾಕಾದಾಗ ಬಿಟ್ಟು ಕೂರುತ್ತದೆ. ಮಗು ಆಗಲೇ ಹಿಡಿದುಕೊಂಡು ನಿಲ್ಲುತ್ತಿದ್ದರೆ, ಸಮನೆಲದಲ್ಲಿ, ದೊಡ್ಡವರ ಎದುರಿಗೆ ಅದು ಇರಲಿ. ಇಲ್ಲದಿದ್ದರೂ ನಷ್ಟವಿಲ್ಲ, ಒಂದು ಗಟ್ಟಿ ಸ್ಟೂಲು ಸಾಕು.

ಹಾಗಾದರೆ ಯಾವಾಗ ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ನೋಡಿ 2006ರಲ್ಲಿ ಒಂದು ಅಳತೆ ಕೊಟ್ಟಿತು. ನಮ್ಮ ದೇಶದ ಮಕ್ಕಳು ದೆಹಲಿಯವರು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ಒಳಗೆ. ಅಂಬೆಗಾಲು 5.2ರಿಂದ 13.5 ತಿಂಗಳು. ಒಂಟಿಯಾಗಿ ನಡೆಯುವುದು 8.2ರಿಂದ 17.6 ತಿಂಗಳು. ನೋಡಿ, ಒಂಬತ್ತಕ್ಕೆ ನಡೆದ ಅತ್ತೆಯ ಮಗನೂ ಸರಿ, ಹದಿನಾರಕ್ಕೆ ನಡೆಯುವ ಮೊಮ್ಮಗಳೂ ಸರಿ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಕೆಲವು ಕೂಸುಗಳು ಅಂಡು ಸರಿಸಿಕೊಂಡೇ ಮನೆಯೆಲ್ಲ ಸುತ್ತಿ, ಒಂದು ದಿನ ಎದ್ದು ನಡೆಯುತ್ತವೆ. ಈ ಅಂಕಿಗಳು ದೊಡ್ಡಕ್ಷರದಲ್ಲಿ ಪ್ರತಿ ಅಂಗನವಾಡಿಯ ಗೋಡೆಯ ಮೇಲಿದ್ದರೆ ಎಷ್ಟು ತಾಯಂದಿರ ಕಣ್ಣೀರು ಉಳಿಯುತ್ತಿತ್ತು!

ಮಗುವನ್ನು ಅವಸರಪಡಿಸದೆ ಬೆಳೆಸುವುದನ್ನು ಒಂದು ಸರ್ಕಾರಿ ಮಟ್ಟದ ವ್ಯವಸ್ಥೆಯಲ್ಲೇ ಮಾಡಿ ತೋರಿಸಿದ್ದಾರೆ, ಅದೂ ಬಡತನದ ಕಾಲದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎಮ್ಮಿ ಪಿಕ್ಲರ್ ಎಂಬ ಮಕ್ಕಳ ವೈದ್ಯೆ ತಂದೆತಾಯಿ ಇಲ್ಲದ ಕೂಸುಗಳಿಗೆ ಒಂದು ಮನೆ ಶುರು ಮಾಡಿದರು. ಲೋಟ್ಸಿ ಎಂಬ ಬೀದಿಯಲ್ಲಿತ್ತು, ಆ ಹೆಸರಿನಿಂದಲೇ ಜನ ಅದನ್ನು ಕರೆದರು. ಅಲ್ಲಿ ನಿಯಮ ಸರಳ. ಮಗು ತಾನಾಗಿ ಬರಲಾಗದ ಭಂಗಿಗೆ ಅದನ್ನು ಯಾರೂ ತರಬಾರದು. ಕೂರಿಸಬಾರದು, ನಿಲ್ಲಿಸಬಾರದು, ಕೈ ಹಿಡಿದು ನಡೆಸಬಾರದು. ಗಟ್ಟಿ ನೆಲ, ಸಡಿಲ ಬಟ್ಟೆ, ಕೈಗೆ ಸಿಗುವ ಸಣ್ಣಪುಟ್ಟ ಸಾಮಾನು ಇಷ್ಟು ಕೊಟ್ಟು ಬಿಡುತ್ತಿದ್ದರು. ಆದರೆ ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ, ಊಟ ಮಾಡಿಸುವಾಗ ಆರೈಕೆಯ ಹೆಂಗಸು ಆ ಒಂದು ಕೂಸಿನ ಕಡೆಗೇ ಪೂರ್ತಿ ಗಮನ ಕೊಟ್ಟು, ಮಾತಾಡುತ್ತಾ ಮಾಡಬೇಕಿತ್ತು. ಅಲ್ಲಿನ ಮಕ್ಕಳೂ ಒಂದೊಂದಾಗಿ ಹೊರಳಿದರು, ತೆವಳಿದರು, ಕೂತರು, ನಡೆದರು. ಯಾರೂ ಕಲಿಸಿರಲಿಲ್ಲ.

ಅದನ್ನೆಲ್ಲ ಅಚ್ಚೊತ್ತಿದ ಹಾಗೆ ಇಲ್ಲಿ ತನ್ನಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕೂಸುಗಳು ಹತ್ತಾರು ಜನರ ಮಡಿಲಲ್ಲಿ ಬೆಳೆಯುತ್ತವೆ, ಅದು ಒಳ್ಳೆಯದೇ. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯ ಕೈಯಲ್ಲಿ ಕೂಸು ಎಷ್ಟು ಹಾಯಾಗಿರುತ್ತದೆ ಎಂದು ನಾನೂ ನೋಡಿದ್ದೇನೆ. ಕೈಕಾಲು ಹಿಡಿದು ಜೋರಾಗಿ ಎಳೆಯುವುದೊಂದನ್ನು ಬಿಟ್ಟರೆ ಸಾಕು. ಮಗು ಮೊದಲ ಸಲ ಹೊಸ್ತಿಲು ದಾಟಿದಾಗ ಕಾಯಿ ಒಡೆದು ಸಿಹಿ ಹಂಚುವ ಜನ ನಾವು. ಅದು ತಾನಾಗಿ ದಾಟಿದ್ದಕ್ಕೆ ತಾನೇ ಆ ಸಂಭ್ರಮ?

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಕಾಯುವುದು ಅಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ದಾಟಿದರೂ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ತೋರಿಸಲೇಬೇಕು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಮೈ ತೀರಾ ಬಿಗಿಯಾಗಿ ಅಥವಾ ತೀರಾ ಸಡಿಲವಾಗಿ ಇದ್ದರೆ, ಮೊದಲು ಮಾಡುತ್ತಿದ್ದುದನ್ನು ಈಗ ಬಿಟ್ಟಿದ್ದರೆ ಒಂದು ದಿನವೂ ಕಾಯಬಾರದು. ದಿನ ತುಂಬದೆ ಹುಟ್ಟಿದ ಕೂಸಿಗೆ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಲೆಕ್ಕ ಹಾಕಬೇಕು. ಇಂಥ ಮಕ್ಕಳನ್ನು ವಾಕರ್‌ಗೆ ಹಾಕಿದರೆ ಇನ್ನೊಂದು ಅನ್ಯಾಯವಾಗುತ್ತದೆ. ಓಡಾಡುತ್ತಿದೆಯಲ್ಲ ಎಂಬ ಸಮಾಧಾನದಲ್ಲಿ ನಿಜವಾದ ತೊಂದರೆ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಆಸ್ಪತ್ರೆಯ ಡಿಇಐಸಿ ಕೇಂದ್ರಕ್ಕೆ ಆರು ತಿಂಗಳಲ್ಲಿ ಬಂದ ಮಗುವಿಗೂ ಎರಡು ವರ್ಷಕ್ಕೆ ಬಂದ ಮಗುವಿಗೂ ನಾವು ಮಾಡಬಹುದಾದ ಸಹಾಯದಲ್ಲಿ ಬಹಳ ವ್ಯತ್ಯಾಸವಿದೆ.

ಈಗ ನಿಮ್ಮ ಇಲಾಖೆಯ ವಿಷಯ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾದವು. ಅಂದಿನಿಂದ ಕಾರ್ಯಕರ್ತೆಯರು ಮಕ್ಕಳ ತೂಕ ನೋಡುತ್ತಿದ್ದಾರೆ, ಊಟ ಕೊಡುತ್ತಿದ್ದಾರೆ. ಈಗ ತೂಕ, ಎತ್ತರ ಎಲ್ಲ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೆ ಹೋಗುತ್ತದೆ. ಆ ಕೆಲಸಕ್ಕೆ ನನ್ನ ಗೌರವವಿದೆ. ಆದರೆ ಮಗು ಇವತ್ತು ಎಷ್ಟು ಹೊತ್ತು ನೆಲದ ಮೇಲೆ ಬಿಡುಬೀಸಾಗಿ ಆಡಿತು ಎಂದು ಕೇಳುವ ಪ್ರಶ್ನೆ ನನಗೆ ಎಲ್ಲೂ ಕಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೀಗಿದೆ: ಇನ್ನೂ ತಾನಾಗಿ ಸರಿದಾಡದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಬಿಟ್ಟು ಆಡಿಸಬೇಕು. ಒಂದೇ ಸಲಕ್ಕೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿಹಾಕಿದ ಹಾಗೆ ಕೂರಿಸಬಾರದು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು. ಮೂರು ತುಂಬಿದವರಿಗೆ ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಓಟ, ನೆಗೆತ. ನೆನಪಿರಲಿ, ಬೋರಲು ಬಿಡುವುದು ಎಚ್ಚರವಿದ್ದಾಗ, ಎದುರಿಗೆ ಜನ ಇದ್ದಾಗ ಮಾತ್ರ. ಮಲಗಿಸುವಾಗ ಅಂಗಾತವೇ.

ಮೂರು ಗಂಟೆ ಮೈ ಆಡಿಸುವ ಜಾಗ ನಮ್ಮ ಎಷ್ಟು ಅಂಗನವಾಡಿಗಳಲ್ಲಿದೆ? ಪಟ್ಟಣದಲ್ಲಿ ಒಂದೇ ಕೋಣೆಯ ಬಾಡಿಗೆ ಜಾಗದಲ್ಲಿ ನಡೆಯುವವು ಎಷ್ಟೋ ಇವೆ. ಒಂದು ಮೂಲೆಯಲ್ಲಿ ಅಕ್ಕಿಮೂಟೆ, ಇನ್ನೊಂದು ಮೂಲೆಯಲ್ಲಿ ಗ್ಯಾಸ್, ನಡುವೆ ಮಕ್ಕಳು. ಅಲ್ಲಿ "ಕೈ ಕಟ್ಟು, ಬಾಯಿ ಮುಚ್ಚು" ಅನ್ನದೆ ಟೀಚರ್ ಇನ್ನೇನು ಮಾಡಿಯಾರು? ಈಗ ಅಂಗನವಾಡಿಯಲ್ಲೇ ಎಲ್‌ಕೆಜಿ, ಯುಕೆಜಿ ಬರುತ್ತಿದೆ. ಅಕ್ಷರ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಆಧಾರ ಭುಜ ಮತ್ತು ಬೆನ್ನು. ಅವು ಗಟ್ಟಿಯಾಗುವುದು ಹತ್ತಿ, ಜೋತುಬಿದ್ದು, ಮಣ್ಣು ಅಗೆದು, ಕುಕ್ಕರಗಾಲಲ್ಲಿ ಕೂತು ಆಡುವಾಗ. ಹೊಸ ಕಟ್ಟಡ ಮಂಜೂರು ಮಾಡುವಾಗ ಅಂಗಳಕ್ಕೂ ಅಳತೆ ನಿಗದಿ ಮಾಡಿ. ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿ ಮುಚ್ಚಬೇಡಿ, ಒಂದಷ್ಟು ಮರಳು, ಒಂದಷ್ಟು ಮಣ್ಣು ಇರಲಿ.

ಕೂಸಿನ ಮನೆ ನಿಮ್ಮ ಇಲಾಖೆಯದಲ್ಲ, ಗ್ರಾಮೀಣಾಭಿವೃದ್ಧಿ ಇಲಾಖೆಯದು ಎಂದು ಗೊತ್ತು. ಆದರೆ ಇಲ್ಲಿ ಬೆಳೆದ ಕೂಸೇ ಆಮೇಲೆ ನಿಮ್ಮ ಅಂಗನವಾಡಿಗೆ ಬರುವುದು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಇವನ್ನು ತೆರೆಯುವುದಾಗಿ 2023ರ ಬಜೆಟ್‌ನಲ್ಲಿ ಸರ್ಕಾರ ಹೇಳಿತು. ನನಗೆ ತುಂಬ ಸಂತೋಷ ಕೊಟ್ಟ ಯೋಜನೆ ಇದು. ಕೂಸುಗಳು ಜಾಸ್ತಿ, ಕೈಗಳು ಕಡಿಮೆ ಇರುವ ಕಡೆ ಎಲ್ಲರನ್ನೂ ತೊಟ್ಟಿಲಲ್ಲಿ, ಕುರ್ಚಿಯಲ್ಲಿ, ವಾಕರ್‌ನಲ್ಲಿ ಇಟ್ಟುಬಿಡುವ ಆಸೆ ಸಹಜ. ಅದಕ್ಕೇ ಕೇಳುತ್ತಿರುವುದು. ಒಂದು ಕೋಣೆಯ ಕಾಲುಭಾಗವನ್ನು ಮೊಣಕಾಲೆತ್ತರದ ಮರದ ಅಡ್ಡಗಟ್ಟೆಯಿಂದ ಬೇರೆ ಮಾಡಿ. ನುಣುಪು ಟೈಲ್ಸ್ ಮೇಲೆ ಜಾರದಂತೆ ದಪ್ಪ ಜಮಖಾನ ಹಾಸಿ. ಒಂದಷ್ಟು ಸ್ಟೀಲ್ ಬಟ್ಟಲು, ಮರದ ಸೌಟು, ಬಟ್ಟೆಯ ಚೆಂಡು ಇಡಿ. ಕಾಲುಚೀಲ ಬಿಚ್ಚಿ ಬಿಡಿ. ಮೊಬೈಲ್ ಬೇಡ. ಇದಕ್ಕಾಗುವ ಖರ್ಚು ನಾಲ್ಕು ವಾಕರ್ ಕೊಳ್ಳುವುದಕ್ಕಿಂತ ಬಹಳ ಜಾಸ್ತಿ ಆಗಲಾರದು.

ಇದೆಲ್ಲಕ್ಕೂ ಸಮಯ ಹಿಡಿಯುತ್ತದೆ, ಒಪ್ಪುತ್ತೇನೆ. ಎರಡು ಕೆಲಸಕ್ಕೆ ಮಾತ್ರ ಅಷ್ಟು ಸಮಯ ಬೇಕಿಲ್ಲ. ಆಶಾ ಕಾರ್ಯಕರ್ತೆ ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಹೋಗುವ ಪದ್ಧತಿ ಈಗಾಗಲೇ ಇದೆ. ಆರು ಮತ್ತು ಒಂಬತ್ತನೇ ತಿಂಗಳ ಭೇಟಿಯಲ್ಲಿ "ಮನೆಯಲ್ಲಿ ವಾಕರ್ ಇದೆಯಾ? ಮಗುವನ್ನು ನೆಲಕ್ಕೆ ಬಿಡ್ತೀರಾ?" ಎಂಬ ಎರಡು ಪ್ರಶ್ನೆ ಸೇರಿಸಲು ಆರೋಗ್ಯ ಇಲಾಖೆಯನ್ನು ಕೇಳಿ. ಮತ್ತೆ, ತಾಯಿ ಕಾರ್ಡ್ ಮುಂದಿನ ಸಲ ಅಚ್ಚಿಗೆ ಹೋಗುವ ಮೊದಲು ಮಗುವಿನ ಬೆಳವಣಿಗೆಯ ಪುಟದಲ್ಲಿ, ಚಿತ್ರದ ಸಮೇತ, ವಾಕರ್ ಬೇಡ ಎಂದು ಒಂದು ಸಾಲು ಹಾಕಿಸಿ. ದಾವಣಗೆರೆ ಜಿಲ್ಲೆಯ ಕಾರ್ಯಕರ್ತೆಯರಿಗೆ ಈ ಬಗ್ಗೆ ತರಬೇತಿ ಇಡುವುದಾದರೆ ನಾನು ಸಂಭಾವನೆ ಇಲ್ಲದೆ ಬರುತ್ತೇನೆ. ಯಾವ ತಾಲ್ಲೂಕಿಗಾದರೂ ಸರಿ.

ಇಂತಿ,
ಮಕ್ಕಳ ಫಿಸಿಯೋಥೆರಪಿಸ್ಟ್, ದಾವಣಗೆರೆ